ಲಾರಿಯ ಹಿಂದೆ ಬೆಂಚು

ಕಸ್ತೂರಿಗೆ ಆರು ವರ್ಷ ತುಂಬಿದ ದಿನವೇ ಅವಳ ಶಾಲೆಯ ಬೆಂಚು ನಡೆದುಕೊಂಡು ಮನೆ ಬಾಗಿಲಿಗೆ ಬಂತು. ಎಲ್ಲ ಮಕ್ಕಳ ಮನೆಗೂ ಹಾಗೆ ಬರುತ್ತದೆ. ಓದಲು ಕಲಿಯುವವರೆಗೂ, ಎಷ್ಟೇ ವರ್ಷವಾಗಲಿ, ದಿನಾ ಬರುತ್ತಲೇ ಇರುತ್ತದೆ. ಆದರೆ ಅಂದೇ ಕಬ್ಬು ಕಡಿಯುವವರ ಲಾರಿಯೂ ಬಂದಿತ್ತು.

"ನಿಂಬೆವ್ವಾ, ಲಗೂನ ಹತ್ತು! ಹುಡುಗೀನೂ ಹತ್ತಿಸು. ನೀ ಕಬ್ಬು ಕಡಿಯೂಮುಂದ ಬೆನ್ನಾಗಿನ ಕೂಸಿನ್ನ ಅಕಿ ಬಿಟ್ರ ಯಾರು ನೋಡ್ತಾರ?" ಕೂಲಿಗಳನ್ನು ಕರೆದೊಯ್ಯಲು ಬಂದ ಮುಕಾದಮ ಕೂಗಿದ.

"ಕಸ್ತೂರಿ ನನ್ನ ಹತ್ರ ಇರ್ಲಿ" ಎಂದಳು ಅಜ್ಜಿ.

ಬೆನ್ನಿಗೆ ಕೂಸು ಕಟ್ಟಿಕೊಂಡಿದ್ದ ನಿಂಬೆವ್ವ ಮಗಳ ರಟ್ಟೆ ಹಿಡಿದು ಲಾರಿಯತ್ತ ಎಳೆದಳು.

"ಅವ್ವಾ, ಒಮ್ಮಿ ಕುಂತು ಬರ್ತೀನಿ!" ಕಸ್ತೂರಿ ಕೊಸರಿದಳು.

ಶಾಲೆಯ ಗಂಟೆ ಹೊಡೆಯಿತು. ಬೆಂಚು ಖಾಲಿಯೇ ಹಿಂದಿರುಗತೊಡಗಿತು. ಬೇವಿನ ಮರದಡಿ ಇನ್ನೊಂದು ಹಳೆಯ ಬೆಂಚು ಕಿರುಗುಟ್ಟಿತು. ನಿಂಬೆವ್ವ ಅತ್ತ ನೋಡಲಿಲ್ಲ. ಆದರೆ ಮಗಳನ್ನು ಎತ್ತಿಕೊಂಡು ಓಡಿಹೋಗಿ ಹೊಸ ಬೆಂಚಿನ ಮೇಲೆ ಕೂರಿಸಿದಳು.

"ಬೆನ್ನಿಗೆ ಕೂಸು ಕಟ್ಕೊಂಡು ಏನ್ ಕಡೀತಿ ನೀ?" ಮುಕಾದಮ ಸಿಡುಕಿದ.

"ಕಡೀತೀನಿ" ಎಂದು ನಿಂಬೆವ್ವ ಲಾರಿ ಹತ್ತಿದಳು.

ಲಾರಿ ಹೊರಟಿತು. ಮರದಡಿಯಿಂದ ನಿಂಬೆವ್ವನ ಬೆಂಚು, ಇಪ್ಪತ್ತು ವರ್ಷದ ಹಿಂದೆ ಇಂಥದೇ ಲಾರಿಯಡಿ ಒಂದು ಕಾಲು ಕಳೆದುಕೊಂಡದ್ದು, ಎಂದಿನಂತೆ ಕುಂಟುತ್ತ ಅವಳ ಹಿಂದೆ ಓಡತೊಡಗಿತು.