ಒಂದೇ ದಪ್ಪದ ಗೆರೆಗಳು

ಇಷ್ಟು ಸಣ್ಣ ತಪ್ಪನ್ನು ಕಥೆಯೆಂದು ಹೇಳುತ್ತಿರುವುದಕ್ಕೆ ಕ್ಷಮೆ ಇರಲಿ. "ಇದ್ರಲ್ಲಿ ನಮ್ಮ ಬೇಲಿ ಯಾವ್ದು ಮಗಾ, ಎಸ್ಟೇಟಿನ ಕಾಲುದಾರಿ ಯಾವ್ದು?" ಎಂದು ಚೋಮಿ ತನ್ನ ಮನೆ-ಜಾಗದ ನಕ್ಷೆಯ ಮೇಲೆ ಬೆರಳಿಟ್ಟಾಗ, ಅದನ್ನು ಕಂಪ್ಯೂಟರಿನಲ್ಲಿ ಬಿಡಿಸಿದ್ದ ಸುಮಿತಾ ಬಗ್ಗಿ ನೋಡಿದಳು. ಚೋಮಿಯ ಮನೆಯ ಎರಡೂ ಪಕ್ಕದ ಗೆರೆಗಳು ಒಂದೇ ದಪ್ಪವಾಗಿದ್ದವು.

ಪಿಡಿಎಫ್‌ನಲ್ಲಿ ಗೆರೆಗಳು ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ತೆಳುವಾಗಿ ಬಂದಿವೆಯೆಂದು ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ಸಮ ಮಾಡಿದವಳು ಅವಳೇ. ಗಡಿಗೆ ದಪ್ಪ ಗೆರೆ, ದಾರಿಗೆ ತೆಳು ಗೆರೆ ಎಂಬುದು ಆಗ ನೆನಪಾಗಲಿಲ್ಲ. ನಕ್ಷೆ ಪೊನ್ನಂಪೇಟೆಯ ಕಚೇರಿಗೆ, ಚೋಮಿಯ ಜಾಗದ ಗಡಿಯ ಬಗ್ಗೆ ಇವತ್ತು ನಡೆಯುವ ವಿಚಾರಣೆಗೆ, ಹೋಗಿಯೂ ಆಗಿತ್ತು.

"ದಾರಿನೇ ಗಡಿ ಅಂದ್ಬಿಟ್ರೆ ನನ್ನ ಮನೆ ಎಸ್ಟೇಟಿಗೆ ಹೋಯ್ತದೆ," ಚೋಮಿ ನಕ್ಕಳು. "ನೀ ಓದಿದೋಳು, ಸರಿಯಾಗೇ ಮಾಡಿರ್ತೀಯ ಬಿಡು."

"ಇಲ್ಲ ಚೋಮಕ್ಕ, ತಪ್ಪು ಮಾಡಿದ್ದೀನಿ," ಎಂದು ಸುಮಿತಾ ಪೊನ್ನಂಪೇಟೆಗೆ ತಿಳಿಸಲು ಫೋನ್ ಎತ್ತಿಕೊಂಡಳು. ಅಷ್ಟರೊಳಗೆ ವಿಚಾರಣೆ ನಡೆಸುವವರು ಯಾವ ಗೆರೆಯನ್ನು ಗಡಿಯೆಂದು ಓದಿಕೊಂಡಿದ್ದರೋ, ಗೊತ್ತಿಲ್ಲ.