ನೀಲಿಗೆ ತಿರುಗಿದ ಪಟ್ಟಿ

ಮೊಮ್ಮಗಳು ಆಲೂಗಡ್ಡೆಯ ಹೋಳಿಗೆ ಅಯೋಡಿನ್ ಹನಿಸಿ, "ಗಂಜಿ ಇದ್ರ ನೀಲಿ ಆಗ್ತದ ನೋಡು ತಾತಾ" ಎನ್ನುತ್ತಾಳೆ. ಆ ಘಾಟು ಮೂಗಿಗೆ ಬಡಿದರೆ ನಾನು ಮಾನ್ವಿಯ ನಮ್ಮ ಮಗ್ಗದ ಮನೆಯಲ್ಲಿರುತ್ತೇನೆ.

ಆಗಿನ್ನೂ ನಿಜಾಮನ ಕಾಲ. ಕೊಡಲಿ ಬಿದ್ದ ಅಪ್ಪನ ಕಾಲು ಬಾತು ಕೀವಾಗಿತ್ತು. ಅವ್ವ ರಾಯಚೂರಿನ ದವಾಖಾನೆಯಲ್ಲಿ ಡಾಕ್ಟರರ ಕಾಲು ಹಿಡಿದು, ಇದೇ ಘಾಟಿನ ಕಂದು ಬಣ್ಣದ ಔಷಧಿಯ ಸೀಸೆಯೊಂದನ್ನು ತಂದಿದ್ದಳು. ಅದನ್ನು ಹಚ್ಚಿದೊಡನೆ ಅಪ್ಪ ಉರಿ ತಾಳದೆ ಚೀರಿದ. ಅವ್ವ ಅವಸರದಲ್ಲಿ ಮಗ್ಗದಿಂದ ಇಳಿಸಿದ್ದ ಹೊಸ ಬಟ್ಟೆಯನ್ನೇ ಹರಿದು ಸುತ್ತಿದಳು. ಜೋಳದ ಗಂಜಿ ಕುಡಿದ ಬಟ್ಟೆ, ಬೆರಳಿಗೆ ಒರಟೊರಟು. ಔಷಧಿ ಒಸರಿ, ನೋಡುನೋಡುತ್ತಲೇ ಪಟ್ಟಿ ಕಡುನೀಲಿಯಾಯಿತು.

"ವಿಷ! ನನ್ನ ಮಗಗ ವಿಷ ಹಚ್ಯಾಳ!" ಅಜ್ಜಿ ಪಟ್ಟಿಯನ್ನು ಕಿತ್ತೆಸೆದಳು.

"ಬ್ಯಾಡ್ರೀ ಅತ್ತಿ, ಇದನ್ನ ಬಿಟ್ರ ಜೀವ ಉಳಿಯೂದಿಲ್ಲ ಅಂದಾರ ಡಾಕ್ಟರು," ಎಂದು ಅವ್ವ ಸೀಸೆಯನ್ನು ಎದೆಗೆ ಅವುಚಿಕೊಂಡಳು. ಅಜ್ಜಿ ಅದನ್ನು ಕಸಿದು ಅಂಗಳಕ್ಕೆ ಸುರಿದಳು. ಮಗನ ಕಾಲನ್ನು ತಣ್ಣೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದಳು.

ಅಂಗಳದಲ್ಲಿ ಅವ್ವ ಔಷಧಿ ಹೀರಿದ ಒದ್ದೆ ಮಣ್ಣನ್ನು ಬೊಗಸೆಗೆ ಬಳಿದುಕೊಳ್ಳುತ್ತಿದ್ದಳು. ಒಳಗೆ ಅಪ್ಪ ಅಜ್ಜಿಯ ಮುಖ ನೋಡಿ ಬಹಳ ದಿನಗಳ ಮೇಲೆ ನಕ್ಕ.

"ಈಗ ಉರಿ ಇಲ್ಲ ಯವ್ವಾ. ತಂಪಾತು."