ಬೀದಿಗೆರಡು ಗುಂಡಿ

ನಗರಸಭೆಯವರು ಮನೆಮನೆಗೂ ದಾಟುಬಾಗಿಲು ಹಾಕಿಸಿಕೊಟ್ಟ ಮೇಲೆ ಹುಬ್ಬಳ್ಳಿಗೂ ತಿಪಟೂರಿಗೂ ನಡುವೆ ಒಂದೇ ಹೆಜ್ಜೆ. ತಿಪಟೂರಿನ ಅಂಬುಜಾಕ್ಷಿಯ ನಾದಿನಿ, ಹುಬ್ಬಳ್ಳಿಯ ವಿಮಲ, ಆ ಹೆಜ್ಜೆಯನ್ನು ದಿನವೂ ಸರಿಯಾಗಿ ಅನ್ನ ಬಸಿಯುವ ಹೊತ್ತಿಗೇ ಇಡುತ್ತಿದ್ದಳು. ಹಾಗಾಗಿ ವಾರ್ಡಿನ ಮೊದಲ ಅಭ್ಯರ್ಥಿ ಬಂದು, "ಗೆದ್ರೆ ಅಡುಗೆಮನೆಗೂ ಒಂದು ದಾಟುಬಾಗಿಲು ಹಾಕಿಸ್ತೀನಮ್ಮ" ಎಂದಾಗ ಅಂಬುಜಾಕ್ಷಿ ಅವನ ಕರಪತ್ರವನ್ನು ಮುಟ್ಟಲೂ ಇಲ್ಲ.

ಅವನ ಹಿಂದೆಯೇ ಪಕ್ಷೇತರ ಅಭ್ಯರ್ಥಿ ಪರಮಶಿವಯ್ಯ ಬಂದು ಕೈಮುಗಿದರು.

"ನಾನು ಗೆದ್ರೆ ಬಾಗಿಲೆಲ್ಲ ಕಿತ್ತು ಹಾಕಿಸಿ ಹಳೇ ಬಸ್ಸು ಬಿಡಿಸ್ತೀನಿ ತಾಯಿ. ಬೀದಿಗೆರಡು ಗುಂಡಿ ಗ್ಯಾರಂಟಿ."

"ಹುಬ್ಬಳ್ಳಿಯಿಂದ ಬರೋಕೆ ಎಷ್ಟು ಹೊತ್ತು ಹಿಡಿಯುತ್ತೆ?"

"ಎಂಟು ಗಂಟೆ. ಪಂಚರ್ ಆದ್ರೆ ಹತ್ತು."

"ಸೀಟು ಸಿಗುತ್ತಾ?"

"ಎಲ್ಲಿ ಸಿಗುತ್ತೆ! ಕಿಟಕೀಲಿ ಟವೆಲ್ ಹಾಕಿದೋರಿಗೆ ಮಾತ್ರ."

ಅಂಬುಜಾಕ್ಷಿಗೆ ಕಣ್ಣು ತುಂಬಿ ಬಂತು. "ನಮ್ಮನೆ ನಾಕು ಓಟೂ ನಿಮಗೇ" ಎನ್ನುವಷ್ಟರಲ್ಲಿ ನಡುಮನೆಯ ದಾಟುಬಾಗಿಲು ಕಿರ್ರೆಂದಿತು. ವಿಮಲ ಏದುಸಿರು ಬಿಡುತ್ತಾ ಒಳಗೆ ಬಂದವಳೇ ಪರಮಶಿವಯ್ಯನವರ ಕರಪತ್ರವನ್ನು ಕಸಿದು ಓದಿದಳು. ಅಂಬುಜಾಕ್ಷಿ ನಾಲಿಗೆ ಕಚ್ಚಿಕೊಂಡಳು.

"ಅಣ್ಣಾ, ನಮ್ಮೂರಲ್ಲೂ ನಿಂತ್ಕೊಳ್ರೀ!" ಎಂದಳು ವಿಮಲ. "ನನ್ನ ನಾದಿನಿ ದಿನಾ ಊಟದ ಹೊತ್ತಿಗೆ ಬಂದು ಕೂರ್ತಾಳೆ. ಅವಳ ಕಾಟ ತಡೀಲಾರದೆ ತಾನೇ ನಾನು ಇಲ್ಲಿಗೆ ಓಡಿ ಬರೋದು!"